ರಸ್ತೆಗೆ ಕಟ್ಟಿದ ಹಸಿರು ಪರದೆ

ರಸ್ತೆ ವಿಭಾಗದ ಮೇಲಧಿಕಾರಿಗಳಿಗೆ ನಮಸ್ಕಾರ.

ವಿಮಾನ ನಿಲ್ದಾಣಕ್ಕೆ ಹೋಗುವ ದೊಡ್ಡ ರಸ್ತೆಯ ಪಕ್ಕದ ಸಾಲುಮನೆಗಳಲ್ಲಿ ಕೊನೆಯದು ನಮ್ಮದು. ಬರಲಿರುವ ವಿದೇಶಿ ಅತಿಥಿಗಳ ಕಣ್ಣಿಗೆ ನಾವು ಬೀಳಬಾರದೆಂದು ನಿಮ್ಮವರು ಮೊನ್ನೆ ಮನೆಗಳ ಮುಂದೆ ಹಸಿರು ಪರದೆ ಕಟ್ಟಿ ಹೋದರು. ಒಳ್ಳೆಯದೇ ಆಯಿತು, ನಮಗೂ ಧೂಳು ಕಡಿಮೆಯಾಗಿದೆ.

ಈ ರಸ್ತೆ ಹಾಕುವಾಗ ರೋಲರ್ ಓಡಿಸಿದವರು ನಮ್ಮಪ್ಪ. ಹಾಸಿಗೆ ಹಿಡಿದ ಮೇಲೆ ಕಿಟಕಿಯಿಂದ ಅದನ್ನೇ ನೋಡುತ್ತಾ ಮಲಗಿರುತ್ತಿದ್ದರು. ಕಾರೊಂದು ಕುಲುಕದೆ ಹೋದರೆ ಸಾಕು, "ನೋಡಿದ್ಯಾ ಮಗಳೇ, ನೀರು ಹರಿದ ಹಾಗೆ ಹೋಯ್ತು" ಅನ್ನುತ್ತಿದ್ದರು. ಪರದೆ ಬಂದ ಮಧ್ಯಾಹ್ನ, "ಯಾಕಮ್ಮ, ಇಷ್ಟು ಬೇಗ ಕತ್ತಲಾಯ್ತಾ?" ಎಂದು ಕೇಳಿದರು. "ಹೌದಪ್ಪ, ಮಲಗಿ" ಅಂದೆ.

ಕಿಟಕಿಯಷ್ಟಗಲ ಬಟ್ಟೆ ಸರಿಸಿ ಎಂದು ನಿಮ್ಮ ಮೇಸ್ತ್ರಿಯನ್ನು ಬೇಡಿಕೊಂಡೆ. "ಅತಿಥಿಗಳು ಬಂದು ಹೋಗ್ಲಿ, ಆಮೇಲೆ ನೋಡೋಣ" ಅಂದರು. ಈಗ ಅದು ಬೇಡ.

ನಾಳೆ ಬೆಳಿಗ್ಗೆ ಮಾತ್ರ, ನಮ್ಮ ಬಾಗಿಲಿನೆದುರು ನಾಲ್ವರು ಹೆಗಲು ಕೊಟ್ಟು ಹೋಗುವಷ್ಟು ಅಗಲಕ್ಕೆ ಪರದೆ ಬಿಚ್ಚಿಸಿಕೊಡಿ. ನಾವು ಪಕ್ಕದ ಸಂದಿಯಲ್ಲಿ ಅಡ್ಡ ತಿರುಗಿ ನುಸುಳಿ ಓಡಾಡುತ್ತಿದ್ದೇವೆ; ಅಪ್ಪನನ್ನು ಹಾಗೆ ಒಯ್ಯಲಾಗದು. ಅತಿಥಿಗಳು ಬರುವುದರೊಳಗೆ ನಾವೇ ಮತ್ತೆ ಕಟ್ಟುತ್ತೇವೆ. ಅಳುವುದನ್ನೆಲ್ಲ ಒಳಗೇ ಮುಗಿಸಿಕೊಂಡು ಹೊರಗೆ ಬರುತ್ತೇವೆ.

ಇಂತಿ,
ರೋಲರ್ ಓಡಿಸುತ್ತಿದ್ದವರ ಮಗಳು