ಅಪ್ಪ ಕದ್ದನೆನ್ನಲಾದ ಗುಲಾಬಿ ಕಡ್ಡಿ

ಅಪ್ಪಾ,

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಪಾರ್ಕಿನ ನಿನ್ನ ಗುಲಾಬಿ ಸಾಲು ಹಾಳಾಯಿತು. ಹಾಳಾಗಲಿ ಎಂದು ನಾನೇ ಸುಮ್ಮನಿದ್ದೆ. ಬೈಯಬೇಡ, ಪೂರ್ತಿ ಕೇಳು.

ಆ ಸಂಜೆ ನೆನಪಿದೆಯಾ? ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದ ಹೊಸದು. ಬ್ರಿಟಿಷರ ಕಾಲದ ನಮ್ಮ ಮಾಳಮಡ್ಡಿ ಪಾರ್ಕಿಗೆ ಹೊಸ ಸಾಹೇಬ ಬಂದಿದ್ದ. ಇಪ್ಪತ್ತು ವರ್ಷದಿಂದ ಅಲ್ಲಿ ಮಾಲಿಯಾಗಿದ್ದ ನೀನು, ಕತ್ತರಿಸಿದ ಗುಲಾಬಿ ಕಡ್ಡಿಗಳನ್ನು ಎಂದಿನಂತೆ ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟಿದ್ದೆ. ಬಿಟ್ಟರೆ ಕಸದ ಜೊತೆ ಸುಡುವ ಕಡ್ಡಿಗಳು, ಮಾಲಿಗಳೆಲ್ಲ ಒಯ್ಯುತ್ತಿದ್ದರು. ಗೇಟಿನಲ್ಲಿ, ತಿರುಗಾಡಲು ಬಂದ ಜನರೆದುರು, ಸಾಹೇಬ ಟವೆಲ್ಲು ಬಿಚ್ಚಿಸಿದ. "ಸರಕಾರದ ಮಾಲು ಒಯ್ಯಾಕತ್ತೀಯಲ್ಲೋ, ಕಳ್ಳ" ಎಂದ. ನಿನ್ನ ಜೊತೆ ಮನೆಗೆ ಹೋಗಲು ಬಂದ ನಾನು ಅಲ್ಲೇ ನಿಂತಿದ್ದೆ. ನೀನು ನನ್ನ ಮುಖ ನೋಡಲಿಲ್ಲ. ಕೆಲಸ ಹೋದದ್ದಕ್ಕಿಂತ ಆ ಒಂದು ಮಾತು ನಿನ್ನನ್ನು ತಿಂದಿತು. ವರ್ಷ ತುಂಬುವುದರೊಳಗೆ ನೀನು ಕಣ್ಣು ಮುಚ್ಚಿದೆ.

ಹಿತ್ತಲಲ್ಲಿ ಕೂಡಿಸಿಕೊಂಡು ನೀನೇ ಹೇಳಿಕೊಟ್ಟಿದ್ದೆ: ಗುಲಾಬಿಯ ಬುಡ ಕಾಡುಗಿಡದ್ದು, ಕಸಿ ಅದರ ಮೇಲೆ. ಕಸಿಯ ಕೆಳಗೆ ಬರುವ ಚಿಗುರನ್ನು ವಾರವಾರ ಚಿವುಟದಿದ್ದರೆ ಕಾಡುಗಿಡ ಎದ್ದು ಒಳ್ಳೆಯದನ್ನು ನುಂಗುತ್ತದೆ. ಸಾಹೇಬನಿಗೆ ಇದು ಗೊತ್ತಿರಲಿಲ್ಲ. ಆ ಚಿಗುರುಗಳು ದಷ್ಟಪುಷ್ಟವಾಗಿ ಎದ್ದದ್ದು ಕಂಡು ಹಿಗ್ಗಿದ, ಗೊಬ್ಬರ ಹಾಕಿಸಿದ. ಸೊರಗಿದ ಕಸಿಯನ್ನೇ ಕೊಯ್ಯಿಸಿ ಹಾಕಿದ! ಉಳಿದ ಮಾಲಿಗಳೂ ಬಾಯಿ ಬಿಡಲಿಲ್ಲ. ಅವರೂ ಕಡ್ಡಿ ಒಯ್ದವರೇ ಅಲ್ಲವೇ? ನಾನು ದಿನಾ ಬೇಲಿಯಾಚೆ ನಿಂತು ನೋಡಿ ಹೊಟ್ಟೆ ತಣ್ಣಗೆ ಮಾಡಿಕೊಳ್ಳುತ್ತಿದ್ದೆ. ನಿನ್ನ ಕೈಯ ಗಿಡ ಸಾಯುವಾಗ ಅಳು ಬರಲಿಲ್ಲವೇ? ಬಂತು. ಆದರೂ ಹೇಳಲಿಲ್ಲ.

ನಿನ್ನೆ ಸಾಹೇಬ ನಮ್ಮ ಮನೆಗೆ ಬಂದಿದ್ದ. ಮೊನ್ನೆ ಬಂದ ಮಂತ್ರಿಗಳು ಹೆಸರಾದ ಗುಲಾಬಿ ಎಲ್ಲಿ ಎಂದು ಕೇಳಿ, ಮುಳ್ಳು ನೋಡಿ ಎಲ್ಲರೆದುರು ನಕ್ಕರಂತೆ. ಕಟ್ಟೆಯ ಮೇಲೆ ಕೂತು, ಟೋಪಿ ತೆಗೆದು, ತಗ್ಗಿದ ದನಿಯಲ್ಲಿ ಕೇಳಿದ.

"ನಿಮ್ಮಪ್ಪ ತಂದ ಕಡ್ಡಿ ಒಂದರ ಬದುಕಿದ್ರ ಕೊಡವ್ವಾ."

ಚಹಾ ಕೊಟ್ಟೆ. ಆಮೇಲೆ ಹೇಳಿದೆ.

"ಕಳವಿನ ಮಾಲು ನಮ್ಮ ಮನ್ಯಾಗ ಹೆಂಗ ಇದ್ದೀತ್ರಿ, ಸಾಹೇಬ್ರ?"

ಅರ್ಧ ಚಹಾ ಬಿಟ್ಟು ಎದ್ದು ಹೋದ.

ಅದಕ್ಕೂ ಮೊದಲು ತಂದ ಕಡ್ಡಿಯಿಂದ ನೀನು ಹಿತ್ತಲಲ್ಲಿ ಕಸಿ ಮಾಡಿದ ಗಿಡ ಈಗ ನನ್ನ ಎದೆಮಟ್ಟ ಬೆಳೆದಿದೆ ಅಪ್ಪಾ. ಅವನು ಮುಂದೆ ಕೂತಿದ್ದಾಗ ಹಿಂದೆ ಮೂರು ಹೂ ಅರಳಿದ್ದವು. ಅದೇ ಗೇಟಿನಲ್ಲಿ, ಜನರೆದುರು, ನಿನ್ನ ಹೆಸರು ಹಿಡಿದು ಕಳ್ಳನಲ್ಲ ಎಂದು ಅವನು ಹೇಳುವವರೆಗೆ ಒಂದು ಕಡ್ಡಿಯೂ ಈ ಹಿತ್ತಲು ದಾಟುವುದಿಲ್ಲ. ಇವತ್ತು ಬೆಳಿಗ್ಗೆಯೂ ಕೆಳಗಿನ ಚಿಗುರು ಚಿವುಟಿದ್ದೇನೆ.

ನಿನ್ನ ಮಗಳು