ಗುಂಯ್ ಅನ್ನುವ ಪೆಟ್ಟಿಗೆ

ಬನಹಟ್ಟಿ,
ತಾ. ೧೨ ಡಿಸೆಂಬರ್ ೧೯೪೬

ಪ್ರೀತಿಯ ಅನಸವ್ವಾ,

ನಿನಗೆ ಏಳು ತಿಂಗಳು ತುಂಬಿತು, ಕಾಲಿನ ಬಾವು ಇಳಿಯಿತೇ? ಮುಧೋಳದಲ್ಲಿ ನಿನ್ನ ಅವ್ವ ಹೊತ್ತಿಗೆ ಸರಿಯಾಗಿ ಉಣ್ಣಿಸುತ್ತಾರೆಂದು ಗೊತ್ತು, ಆದರೂ ಕೇಳದೆ ಇರಲಾರೆ. ನನ್ನ ಎರಡು ಪತ್ರಕ್ಕೂ ಉತ್ತರವಿಲ್ಲ. ನಿನ್ನ ಅಣ್ಣ ರಾಮಣ್ಣ ಸಂತೆಯಲ್ಲಿ ಸಿಕ್ಕಾಗ ಮುಖ ಗಂಟಿಕ್ಕಿಕೊಂಡು ಹೇಳಿದ: "ತವರಿಗೆ ಹೊಂಟು ಗಾಡಿ ಏರಿದಾಕಿ ನಾಚಿಕಿ ಬಿಟ್ಟು ನಿಮ್ಮ ಹೆಸರ ಹಿಡದ ಒದರಿದ್ಲು. ಮಂದಿ ಎಲ್ಲಾ ಹೊಳ್ಳಿ ನೋಡಿದ್ರು, ನೀವೊಬ್ಬರ ನೋಡಲಿಲ್ಲ." ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ಅದರ ಮಾತು ಕೊನೆಗೆ ಬರೆಯುತ್ತೇನೆ, ಮೊದಲು ನನ್ನ ಪಾಡು ಕೇಳು.

ಜಮಖಂಡಿಯಲ್ಲಿ ಸಿನೆಮಾ ಡೇರೆ ಹಾಕಿರುವ ವಿಠೋಬಾ ಅವರ ಆಂಪ್ಲಿಫಾಯರಿನಲ್ಲಿ ಮಾತಿಗಿಂತ ಗುಂಯ್ ಎಂಬ ಸದ್ದೇ ಹೆಚ್ಚು. ಅದು ಎಲ್ಲಿಂದ ಹೊಕ್ಕಿದೆ ಎಂದು ಅಳೆದು ನೋಡಲು ಒಂದು ಪೆಟ್ಟಿಗೆ ಕಟ್ಟುತ್ತಿದ್ದೆನಲ್ಲ, ನೀನು ಸವತಿ ಎಂದು ಬೈಯುತ್ತಿದ್ದೆ, ಅದೇ. ಗುಂಯ್ ಅಳೆಯುವ ಪೆಟ್ಟಿಗೆಯೇ ಗುಂಯ್ ಅಂದರೆ ಏನು ಅಳೆಯುವುದು! ಅದಕ್ಕೇ ಒಂದು ತಂತಿಯ ಬದಲು ಎರಡು ತಂತಿ, ಒಂದು ಗಾಜಿನ ವಾಲ್ವಿನ ಬದಲು ಎರಡು ವಾಲ್ವು ಹಾಕಿದೆ. ಹೊರಗಿನ ಗದ್ದಲ ಎರಡೂ ತಂತಿಯ ಮೇಲೆ ಸಮನಾಗಿ ಬೀಳುತ್ತದೆ. ಪೆಟ್ಟಿಗೆ ಒಂದರಿಂದ ಇನ್ನೊಂದನ್ನು ಕಳೆದರೆ ಸಮನಾದದ್ದು ಹೋಗಿ, ಎರಡರಲ್ಲೂ ಬೇರೆಬೇರೆಯಾಗಿರುವ ಬೇಕಾದ ಸದ್ದು ಮಾತ್ರ ಉಳಿಯುತ್ತದೆ. ಹೇಳಲು ಸುಲಭ. ತಂತಿಗಳನ್ನು ನಿನ್ನ ನೂಲುವ ರಾಟಿಗೆ ಕಟ್ಟಿಯೇ ಹುರಿ ಮಾಡಿದೆ, ಹೆದರಬೇಡ, ರಾಟಿ ಮುರಿದಿಲ್ಲ. ಒಂಬತ್ತು ವಾಲ್ವುಗಳಲ್ಲಿ ಒಂದೇ ಗುಣದ ಜೋಡಿ ಹುಡುಕುವಷ್ಟರಲ್ಲಿ ವಾರ ಕಳೆಯಿತು.

ಅಷ್ಟಾದರೂ ಹೆಡ್‌ಫೋನು ಏರಿಸಿದರೆ ಗುಂಯ್. ಮೀಟರಿನ ಮುಳ್ಳು ಸೊನ್ನೆಯ ಹತ್ತಿರ ಸುಮ್ಮನೆ ಬಿದ್ದಿದೆ, ಕಿವಿಯಲ್ಲಿ ಮಾತ್ರ ಗುಂಯ್. ಮುಳ್ಳೇ ಸುಳ್ಳೆಂದುಕೊಂಡು ಹನ್ನೊಂದು ದಿನ ಬಿಚ್ಚಿದೆ, ಕಟ್ಟಿದೆ, ಬೆರಳು ಸುಟ್ಟುಕೊಂಡೆ. ನಿನ್ನೆ ಚಹಾ ತಂದ ಅವ್ವ ತಮಾಷೆಗೆ ಹೆಡ್‌ಫೋನು ಏರಿಸಿಕೊಂಡು, "ಏನೂ ಕೇಳಸವಲ್ದಲ್ಲೋ ತಮ್ಮಾ, ಎಲ್ಲಾ ತಣ್ಣಗ ಐತಿ" ಅಂದಳು. ಅಂದರೆ ಪೆಟ್ಟಿಗೆ ಸರಿಯಾಗಿಯೇ ಇದೆ. ಶನಿವಾರ ವಿಠೋಬಾ ಅವರಿಗೆ ಒಪ್ಪಿಸುತ್ತೇನೆ. ಸಂತೋಷಪಡಲೂ ಮೈಯಲ್ಲಿ ತ್ರಾಣವಿಲ್ಲ.

ಮನೆಯ ಹಿರಿಯರಿಗೆ ನನ್ನ ನಮಸ್ಕಾರ, ಸಿಟ್ಟಿನಲ್ಲಿರುವ ರಾಮಣ್ಣನಿಗೂ. ಹೊಟ್ಟೆಯಲ್ಲಿರುವ ಕೂಸಿಗೆ ಅದರ ಅಜ್ಜಿಯ ಆಶೀರ್ವಾದ.

ನಿನ್ನ
ಯಮನಪ್ಪ

ತಾ.ಕ.: ಇದನ್ನು ರಾಮಣ್ಣನಿಂದ ಓದಿಸಬೇಡ, ಅಕ್ಷರ ಕೂಡಿಸಿಕೊಂಡಾದರೂ ನೀನೇ ಓದು. ಅವ್ವ ಹೋದ ಮೇಲೆ ಹೆಡ್‌ಫೋನನ್ನು ದೂರ ಇಟ್ಟು ಕುಳಿತೆ. ಗುಂಯ್ ನಿಲ್ಲಲಿಲ್ಲ. ಅದು ಪೆಟ್ಟಿಗೆಯದಲ್ಲ ಅನಸವ್ವಾ, ನನ್ನ ಕಿವಿಯದು. ಹತ್ತು ವರ್ಷ ಸಿನೆಮಾ ಡೇರೆಯ ಕರೆಂಟಿನ ಎಂಜಿನ್ ಪಕ್ಕ ಕುಳಿತು ಕೆಲಸ ಮಾಡಿದ್ದಕ್ಕೆ ಬಂದಿರಬೇಕು. ಎಡಗಿವಿಗೆ ಗಡಿಯಾರ ಒತ್ತಿ ಹಿಡಿದರೂ ಟಿಕ್ ಅನ್ನುವುದಿಲ್ಲ. ಆ ದಿನ ನಾನು ಹೊಳ್ಳಿ ನೋಡದಿದ್ದದ್ದು ಸಿಟ್ಟಿನಿಂದಲ್ಲ, ಗಾಡಿ ನನ್ನ ಎಡಕ್ಕಿತ್ತು, ನೀನು ಕರೆದದ್ದು ನನಗೆ ಕೇಳಿಸಲೇ ಇಲ್ಲ. ಮದುವೆಯಾದ ಆರು ವರ್ಷದಲ್ಲಿ ಮೊದಲ ಸಲ ನನ್ನ ಹೆಸರು ಹಿಡಿದೆ. ಓಣಿಯೆಲ್ಲ ಕೇಳಿತು, ನಾನೊಬ್ಬ ಕೇಳಲಿಲ್ಲ. ಭಾನುವಾರ ಬರುತ್ತೇನೆ. ನನ್ನ ಬಲಕ್ಕೆ ಕುಳಿತು ಇನ್ನೊಮ್ಮೆ ಕರೆ.