ರೀಲಿನ ಮೊದಲ ಪಟ ನನ್ನದು

ತಮ್ಮಾ,

ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಅದಕ್ಕೇ ಕೂತಲ್ಲೇ ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿನ ಅಕ್ಷರ, ನಗಬೇಡ.

ನೀನು ಅಟ್ಟದ ಬಾಗಿಲಿನ ಕೀಲು ಕಿತ್ತ ದಿನ ನೆನಪಿದೆಯಾ? ಅದನ್ನು ಎರಡು ಹಲಗೆಗೆ ಜೋಡಿಸಿ, ಮೇಲೆ ಕ್ಯಾಮೆರಾ ಕೂರಿಸಿ, ಸಿದ್ದಾಪುರದ ಬಂಡೆಯ ಮೇಲೆ ನೀನು ಹೊತ್ತು ಮುಳುಗುವುದನ್ನೇ ಕಾಯುತ್ತಿದ್ದೆ. ಚುಕ್ಕಿ ಸರಿದ ಹಾಗೆ ಕ್ಯಾಮೆರಾವೂ ಸರಿಯಬೇಕಂತೆ, ಅದಕ್ಕೆ ತಿರುಪು ತಿರುಗಿಸುತ್ತಾ ಕೂರಬೇಕಂತೆ. ಮೊಳಕಾಲ್ಮೂರಿನಲ್ಲಿ ಮದುವೆ ಫೋಟೋ ತೆಗೆದು ಹೊಟ್ಟೆ ಹೊರೆಯುವವನಿಗೆ ಆಕಾಶದ ಮಸುಕಿನ ಉಸಾಬರಿ ಯಾಕೆ ಅಂತ ನಾನು ಬೈಯದ ದಿನ ಇತ್ತಾ?

ಬಲು ದೂರದ ಕೋಟಿ ಚುಕ್ಕಿಗಳ ಗುಂಪಂತೆ ಅದು; ಆ ಮಸುಕನ್ನು ನನಗೂ ತೋರಿಸಿದ್ದೆ. ಡೊಂಕು ಗೀಟಿನ ಹಾಗಿರುವ ಐದು ಚುಕ್ಕಿ ಹಿಡಿ, ಅದರ ಚೂಪು ತೋರಿಸುವ ಕಡೆ ಹೋಗು, ನೇರ ನೋಡಬೇಡ, ತುಸು ಪಕ್ಕಕ್ಕೆ ನೋಡು ಅಂದೆ. ಯಾರೋ ಬೂದಿ ಊದಿದ ಹಾಗೆ ಕಂಡಿತು. ನೇರ ನೋಡಿದೆ, ಮಾಯ. ಕ್ಯಾಮೆರಾದ ಕಿಂಡಿಯಲ್ಲಿ ಅಷ್ಟೂ ಕಾಣದು, ಅಂದಾಜಿನಲ್ಲೇ ಗುರಿ ಇಡಬೇಕು ಅಂದೆ. ಪ್ರತಿ ಸಲವೂ ತಪ್ಪುತ್ತಿತ್ತು. "ಒಂದ್ಸಲ ಸಿಕ್ರೆ ಸಾಕಕ್ಕಾ" ಅನ್ನುತ್ತಿದ್ದೆ. ಆ ಒಂದು ಸಲ ಬರುವಷ್ಟರಲ್ಲಿ ನೀನು...

ಪ್ರತಿ ರೀಲಿನ ಮೊದಲ ಪಟ ಮಾತ್ರ ನನ್ನದು. ಹಗಲಲ್ಲಿ, ಒಲೆಯ ಮುಂದೆ, ಕೆದರಿದ ತಲೆಯಲ್ಲಿ. ಅಕ್ಕನ ಮೇಲಿನ ಪ್ರೀತಿ ಅಂದುಕೊಂಡು ಒಮ್ಮೆ ಸೆರಗು ಸರಿಮಾಡಿಕೊಂಡರೆ ನೀನು ನಕ್ಕೆ.

"ಹಂಗೇ ಇರಕ್ಕಾ. ಉಳಿದಿದ್ದೆಲ್ಲಾ ಬರೀ ಕತ್ಲು. ನಿನ್ ಮುಖ ಇದ್ರೆ ರೀಲು ಕತ್ತರಿಸೋನಿಗೆ ಒಂದೊಂದು ಪಟ ಎಲ್ಲಿಗೆ ಮುಗೀತೈತೆ ಅಂತ ಅಳತೆ ಸಿಗ್ತೈತೆ."

"ಹೌದು ಬಿಡಪ್ಪಾ, ಮೈಲಿಗಲ್ಲಾಗಿ ಆದ್ರೂ ಉಪಯೋಗಕ್ಕೆ ಬಂದೆ" ಅಂದಿದ್ದೆ.

ನೀನು ಹೋದ ಮೇಲೆ ಕ್ಯಾಮೆರಾದೊಳಗೇ ಉಳಿದಿದ್ದ ರೀಲನ್ನು ಈ ಮೊಣಕಾಲು ಎಳೆದುಕೊಂಡು ಚಳ್ಳಕೆರೆಗೆ ಒಯ್ದೆ. ಸ್ಟುಡಿಯೋದಲ್ಲಿ ರೀಲು ತೊಳೆದವನು ಅದನ್ನು ಬೆಳಕಿಗೆ ಹಿಡಿದು ನೋಡಿದ. "ಒಂದೇ ಐತೆ ಅಜ್ಜಿ, ನಿಂದು. ಉಳಿದಿದ್ದು ಖಾಲಿ" ಎಂದು ಕತ್ತರಿ ಎತ್ತಿದ.

"ನನ್ ಮುಖದಿಂದ ಅಳ್ಕೊಂಡು ಕತ್ತರ್ಸಪ್ಪಾ. ಖಾಲಿ ಇದ್ರೂ ಎಲ್ಲಾ ಪ್ರಿಂಟ್ ಹಾಕು."

ಅರೆಹುಚ್ಚಿಯನ್ನು ನೋಡುವ ಹಾಗೆ ನೋಡಿದ. ನೋಡಲಿ. ನಿನ್ನಂಥವನನ್ನು ಸಾಕಿದವಳಿಗೆ ಅದೇನು ಹೊಸದಾ?

ಅಟ್ಟದ ಬಾಗಿಲು ಇನ್ನೂ ಕೀಲಿಲ್ಲದೆ ಗೋಡೆಗೆ ಒರಗಿದೆ. ಮೊಮ್ಮಕ್ಕಳು ಸರಿಮಾಡಿಸೋಣ ಅನ್ನುತ್ತಾರೆ. ನನಗೆ ಸಾಕಾಗಿದೆ, ಹಾಗೇ ಇರಲಿ ಅಂದಿದ್ದೇನೆ.

ಬಂದಿದೆ ಕಣೋ. ಕಟ್ಟಕಡೆಯ ಪಟದಲ್ಲಿ, ನಡುವಿನಿಂದ ತುಸು ಕೆಳಗೆ, ಬೂದಿ ಊದಿದ ಹಾಗೆ. ದಿನಾ ಒಲೆ ಹಚ್ಚುವ ಮೊದಲು ತೆಗೆದು ನೋಡುತ್ತೇನೆ. ನೇರ ನೋಡಿದರೂ ಹೋಗುವುದಿಲ್ಲ.